ಪಟ್ಟಿ ಬದಲಾಯಿತು, ಪರದೆಗೆ ಹೇಳಿದವರು ಯಾರು?

2019ರ ನವೆಂಬರ್ 28ರಿಂದ ಡಿಸೆಂಬರ್ 1ರವರೆಗೆ ಕಾಞಂಗಾಡಿನಲ್ಲಿ 60ನೆಯ ಕೇರಳ ರಾಜ್ಯ ಶಾಲಾ ಕಲೋತ್ಸವ ನಡೆಯಿತು. 1991ರ ಬಳಿಕ ಕಾಸರಗೋಡು ಜಿಲ್ಲೆಗೆ ಈ ಹಬ್ಬ ಬಂದದ್ದು ಅದೇ ಮೊದಲು. 14 ಜಿಲ್ಲೆಗಳ ಮಕ್ಕಳು, 28 ವೇದಿಕೆ, 239 ಸ್ಪರ್ಧೆ. ಯಕ್ಷಗಾನ, ಕನ್ನಡ ಪದ್ಯವಾಚನ, ಕನ್ನಡ ಭಾಷಣ, ಒಪ್ಪನ, ಮಾರ್ಗಂಕಳಿ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಒಂದೊಂದು ವೇದಿಕೆಯಿಂದ ಫಲಿತಾಂಶ ಹೊರಬಿದ್ದಂತೆಲ್ಲ ಎಲ್ಲರ ಕಣ್ಣು ಹೋಗುತ್ತಿದ್ದುದು ಒಂದೇ ಕಡೆಗೆ, ಯಾವ ಜಿಲ್ಲೆ ಎಷ್ಟು ಅಂಕದಲ್ಲಿದೆ ಎಂದು ತೋರಿಸುವ 14 ಸಾಲಿನ ಒಂದು ಪಟ್ಟಿಗೆ. ಕೇರಳದ ಶಾಲೆಗಳ ತಂತ್ರಜ್ಞಾನದ ಹೊಣೆ ಹೊತ್ತ ಕೈಟ್ ಸಂಸ್ಥೆಯ ಪೋರ್ಟಲಿನಲ್ಲಿ, ಮೊಬೈಲ್ ಆ್ಯಪಿನಲ್ಲಿ, ಟಿ.ವಿ. ಚಾನೆಲ್ಲುಗಳ ಪರದೆಯ ಅಡಿಯಲ್ಲಿ, ಹೀಗೆ ಎಲ್ಲೆಲ್ಲೂ ಅದೇ ಪಟ್ಟಿ.

ಕೊನೆಗೆ ಪಾಲಕ್ಕಾಡು 951 ಅಂಕ ಗಳಿಸಿ ಚಿನ್ನದ ಕಪ್ ಉಳಿಸಿಕೊಂಡಿತು. ಕೋಝಿಕ್ಕೋಡು ಮತ್ತು ಕಣ್ಣೂರು ತಲಾ 949 ಅಂಕದೊಂದಿಗೆ ಎರಡನೆಯ ಸ್ಥಾನ ಹಂಚಿಕೊಂಡವು.

ನಡುವಿನ ಅಂತರ ಬರೀ 2 ಅಂಕ. ಕಲೋತ್ಸವದಲ್ಲಿ ಎ ಗ್ರೇಡಿಗೆ 5, ಬಿ ಗ್ರೇಡಿಗೆ 3, ಸಿ ಗ್ರೇಡಿಗೆ 1 ಅಂಕ. ಅಂದರೆ ಎರಡನೆಯ ಸ್ಥಾನದ ಯಾವುದಾದರೂ ಒಂದು ಜಿಲ್ಲೆಗೆ ಬಂದಿದ್ದ ಒಂದೇ ಒಂದು ಬಿ ಗ್ರೇಡು ಎ ಆಗಿ ತಿದ್ದುಪಡಿಯಾಗಿದ್ದರೂ ಸಾಕಿತ್ತು, ಪಟ್ಟಿಯ ತುದಿಯಲ್ಲಿ ಎರಡು ಹೆಸರು ಜೊತೆಯಾಗಿ ಕೂರುತ್ತಿದ್ದವು. ಕಲೋತ್ಸವ ಬಲ್ಲವರಿಗೆ ಇದು ಬರೀ ಊಹೆಯ ಲೆಕ್ಕವಾಗಿ ಕಾಣದು. ಅಲ್ಲಿ ಅಪ್ಪೀಲು ಎಂಬುದೊಂದಿದೆ. ಜಿಲ್ಲಾ ಮಟ್ಟದಲ್ಲಿ ಹಿಂದೆ ಬಿದ್ದವರು ಅಪ್ಪೀಲು ಗೆದ್ದು ರಾಜ್ಯ ಮಟ್ಟದ ಪಟ್ಟಿಗೆ ಸೇರಿಕೊಳ್ಳುವುದು ಪ್ರತಿ ವರ್ಷದ ವಾಡಿಕೆ. ಪಟ್ಟಿಗೆ ಹೆಸರು ಸೇರುತ್ತದೆ, ಪಟ್ಟಿಯಿಂದ ಹೆಸರು ಬಿಡುತ್ತದೆ, ಇದ್ದ ಹೆಸರಿನ ಎದುರಿನ ಗ್ರೇಡು ಬದಲಾಗುತ್ತದೆ. ಅದಕ್ಕೆ ತಕ್ಕಂತೆ ಸಾಲುಗಳು ಮೇಲೆ ಕೆಳಗೆ ಸರಿಯುತ್ತವೆ.

ಇಂಥ ಪಟ್ಟಿಯನ್ನು ಕಂಪ್ಯೂಟರಿನ ಪರದೆಯ ಮೇಲೆ ಸರಿಯಾಗಿ ತೋರಿಸುವುದು ಸಾಫ್ಟ್‌ವೇರ್ ಬರೆಯುವವರ ಹಳೆಯ ತಲೆನೋವುಗಳಲ್ಲಿ ಒಂದು. ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾದರೆ ಏನೋ ಕೆಟ್ಟಿದೆ ಎಂದು ಅರ್ಥ.

ಮೊದಲು ತಿಳಿಯಬೇಕಾದದ್ದು ಇಷ್ಟು. ಪರದೆಯ ಮೇಲೆ ಕಾಣುವ ಪಟ್ಟಿ ಬೇರೆ, ಕಂಪ್ಯೂಟರಿನ ನೆನಪಿನಲ್ಲಿರುವ ಪಟ್ಟಿ ಬೇರೆ. ನೆನಪಿನಲ್ಲಿರುವುದು ನಿಜವಾದ ಮಾಹಿತಿ. ಪರದೆಯಲ್ಲಿರುವುದು ಯಾವುದೋ ಒಂದು ಕ್ಷಣದಲ್ಲಿ ಅದನ್ನು ನೋಡಿ ಬರೆದ ಚಿತ್ರ. ಮಾಹಿತಿ ಬದಲಾದ ಮಾತ್ರಕ್ಕೆ ಚಿತ್ರ ತಾನಾಗಿ ಬದಲಾಗುವುದಿಲ್ಲ. ಯಾರಾದರೂ ಹೇಳಬೇಕು. ಡೆಸ್ಕ್‌ಟಾಪಿನ ಮೇಲೆ ರೈಟ್ ಕ್ಲಿಕ್ ಮಾಡಿ ಸುಮ್ಮಸುಮ್ಮನೆ ‘ರಿಫ್ರೆಶ್’ ಒತ್ತುವ ಅಭ್ಯಾಸ ಎಷ್ಟೋ ಮಂದಿಗೆ ಇದೆ. ಆ ಗುಂಡಿ ಇರುವುದೇ ಈ ಅನುಮಾನದಿಂದ. ಒಳಗಿರುವುದಕ್ಕೂ ಹೊರಗೆ ಕಾಣುವುದಕ್ಕೂ ತಾಳೆ ತಪ್ಪಿರಬಹುದು, ಇನ್ನೊಮ್ಮೆ ನೋಡಿ ಬರೆ ಎಂದು ಬಳಕೆದಾರರೇ ಯಂತ್ರಕ್ಕೆ ಹೇಳುವ ವ್ಯವಸ್ಥೆ ಅದು.

ಬಳಕೆದಾರರ ಮೇಲೆ ಈ ಕೆಲಸ ಹೊರಿಸದಿರಲು ಸುಲಭಕ್ಕೆ ಹೊಳೆಯುವ ದಾರಿ, ಪರದೆಯೇ ಆಗಾಗ ಹೋಗಿ ಕೇಳಿ ಬರುವುದು. ‘ಏನಾದರೂ ಬದಲಾಯಿತೆ? ಈಗ? ಈಗಲಾದರೂ?’ ಸೆಕೆಂಡಿಗೊಮ್ಮೆ ಹೀಗೆ ಕೇಳುತ್ತಿದ್ದರೆ ಹೆಚ್ಚಿನ ಸಲ ಸಿಗುವ ಉತ್ತರ ‘ಇಲ್ಲ’. ಕೆಲಸ ಮಾತ್ರ ಪ್ರತಿ ಸಲವೂ ಆಗುತ್ತದೆ. ನಿಮಿಷಕ್ಕೊಮ್ಮೆ ಕೇಳಿದರೆ ಒಂದು ನಿಮಿಷ ಹಳೆಯ ಸುದ್ದಿ. ಇದಕ್ಕಿಂತ ಒಳ್ಳೆಯ ದಾರಿ, ಬದಲಾವಣೆ ಆದಾಗ ಮಾಹಿತಿಯ ಕಡೆಯಿಂದಲೇ ಸುದ್ದಿ ಹೊರಡುವಂತೆ ಮಾಡುವುದು.

ಈ ವಿಚಾರ ರೂಪುಗೊಂಡದ್ದು 1978-79ರಲ್ಲಿ, ಅಮೆರಿಕದ ಪಾಲೊ ಆಲ್ಟೊದಲ್ಲಿದ್ದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ. ಹಡಗು ಕಟ್ಟುವ ಉದ್ಯಮಕ್ಕೆ ಸಾಫ್ಟ್‌ವೇರ್ ಬರೆದು ಪಳಗಿದ್ದ ನಾರ್ವೆಯ ಟ್ರುಗ್ವೆ ರೇನ್ಸ್‌ಕೌಗ್ ಆಗ ಅಲ್ಲಿಗೆ ಅತಿಥಿಯಾಗಿ ಹೋಗಿದ್ದರು. ಕಂಪ್ಯೂಟರ್ ಕಾರ್ಯಕ್ರಮವನ್ನು, ಅಂದರೆ ಪ್ರೋಗ್ರಾಮನ್ನು, ಮೂರು ಪಾಲು ಮಾಡಬೇಕು ಎಂದು ಅವರು ಸೂಚಿಸಿದರು. ಮಾಹಿತಿ ಇಟ್ಟುಕೊಳ್ಳುವುದು ಮಾಡೆಲ್, ಅದನ್ನು ತೋರಿಸುವುದು ವ್ಯೂ, ಬಳಕೆದಾರರ ಕೈಯ ಆಜ್ಞೆಗಳನ್ನು ನೋಡಿಕೊಳ್ಳುವುದು ಕಂಟ್ರೋಲರ್. ಮೂರರ ಮೊದಲ ಅಕ್ಷರ ಸೇರಿಸಿ ಇಂದಿಗೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ‘ಎಂವಿಸಿ’ ಎಂದೇ ಪಾಠ ಹೇಳುತ್ತಾರೆ.

ಆ ಕೇಂದ್ರದಲ್ಲಿ ಹುಟ್ಟಿದ ಸ್ಮಾಲ್‌ಟಾಕ್ ಭಾಷೆಯಲ್ಲಿ ಮಾಡೆಲ್ಲಿಗೆ ತನ್ನನ್ನು ತೋರಿಸುತ್ತಿರುವ ಕಿಟಕಿಗಳು ಯಾವುವೆಂಬ ವಿವರ ಗೊತ್ತಿರಬೇಕಾಗಿರಲಿಲ್ಲ. ತನ್ನನ್ನು ಅವಲಂಬಿಸಿದವರ ಒಂದು ಪಟ್ಟಿ ಮಾತ್ರ ಅದರ ಬಳಿ ಇರುತ್ತಿತ್ತು. ಬದಲಾದಾಗ ‘ಚೇಂಜ್ಡ್’ ಎಂದು ಸಾರಿದರೆ ಆ ಪಟ್ಟಿಯಲ್ಲಿದ್ದ ಪ್ರತಿಯೊಬ್ಬರಿಗೂ ‘ಅಪ್‌ಡೇಟ್’ ಎಂಬ ಸಂದೇಶ ಹೋಗುತ್ತಿತ್ತು. ಹತ್ತು ಕಿಟಕಿ ತೆರೆದಿದ್ದರೆ ಹತ್ತಕ್ಕೂ ಸುದ್ದಿ, ಒಂದೂ ಇಲ್ಲದಿದ್ದರೆ ಯಾರಿಗೂ ಇಲ್ಲ. 1994ರಲ್ಲಿ ಎರಿಕ್ ಗಾಮಾ ಮತ್ತು ಮೂವರು ಸಂಗಡಿಗರು ಸಾಫ್ಟ್‌ವೇರ್ ಕಟ್ಟೋಣದ ಮಾದರಿಗಳ ಕುರಿತು ‘ಡಿಸೈನ್ ಪ್ಯಾಟರ್ನ್ಸ್’ ಎಂಬ ಪುಸ್ತಕ ಹೊರತಂದಾಗ ಈ ಏರ್ಪಾಡಿಗೆ ‘ಅಬ್ಸರ್ವರ್’ ಎಂಬ ಹೆಸರು ಗಟ್ಟಿಯಾಯಿತು.

ಆದರೆ ‘ನಾನು ಬದಲಾದೆ’ ಎಂಬ ಒಂದೇ ಮಾತು ಪಟ್ಟಿಗೆ ಸಾಲದು. ಒಂದೇ ಅಂಕೆ ತೋರಿಸುವ ಕಿಟಕಿಗೆ ಅಷ್ಟು ಸಾಕು, ಹೋಗಿ ಹೊಸ ಅಂಕೆ ತಂದು ಬರೆದರಾಯಿತು. ಸಾವಿರಾರು ಹೆಸರಿರುವ ಪಟ್ಟಿ ‘ಬದಲಾದೆ’ ಎಂದಷ್ಟೇ ಹೇಳಿದರೆ ಕಿಟಕಿ ಏನು ಮಾಡಬೇಕು? ಎಲ್ಲಿ, ಎಷ್ಟು, ಹೇಗೆ ಎಂಬುದು ಗೊತ್ತಿಲ್ಲದೆ ಎಲ್ಲವನ್ನೂ ಅಳಿಸಿ ಮತ್ತೆ ಬರೆಯಬೇಕು.

1998ರ ಕೊನೆಗೆ ಜಾವಾ ಭಾಷೆಯೊಂದಿಗೆ ಬಂದ ಸ್ವಿಂಗ್ ಎಂಬ ಸಲಕರಣೆಗಳ ಕಟ್ಟು ಇದಕ್ಕೊಂದು ಅಚ್ಚುಕಟ್ಟಾದ ಉತ್ತರ ಕೊಟ್ಟಿತು. ಅದರಲ್ಲಿ ಪಟ್ಟಿಯ ಬದಲಾವಣೆ ಕೇಳಿಸಿಕೊಳ್ಳುವವರಿಗೆ ‘ಲಿಸ್ಟ್ ಡೇಟಾ ಲಿಸನರ್’ ಎಂದು ಹೆಸರು. ಕೇಳಿಸಿಕೊಳ್ಳಬೇಕಾದ ಸುದ್ದಿ ಮೂರೇ ಮೂರು. ಮೊದಲನೆಯದು ‘ಇಂಟರ್ವಲ್ ಆ್ಯಡೆಡ್’, ಇಷ್ಟು ಸಾಲು ಹೊಸದಾಗಿ ಸೇರಿತು. ಎರಡನೆಯದು ‘ಇಂಟರ್ವಲ್ ರಿಮೂವ್ಡ್’, ಇಷ್ಟು ಸಾಲು ಹೋಯಿತು. ಮೂರನೆಯದು ‘ಕಂಟೆಂಟ್ಸ್ ಚೇಂಜ್ಡ್’, ಸಾಲುಗಳು ಅಲ್ಲೇ ಇವೆ, ಒಳಗಿನ ವಿವರ ಬದಲಾಗಿದೆ. ಪ್ರತಿ ಸುದ್ದಿಯ ಜೊತೆಗೆ ಎರಡು ಅಂಕೆ ಬರುತ್ತವೆ, ಎಷ್ಟನೆಯ ಸಾಲಿನಿಂದ ಎಷ್ಟನೆಯ ಸಾಲಿನವರೆಗೆ ಎಂದು. ಎಣಿಕೆ 0ಯಿಂದ ಶುರುವಾಗುವುದರಿಂದ ನಮ್ಮ ಮೂರನೆಯ ಸಾಲು ಅದಕ್ಕೆ 2ನೆಯದು.

ಬೇರೆ ಕಡೆಯ ಸಲಕರಣೆಗಳು ಇದನ್ನೇ ತಮ್ಮ ತಮ್ಮ ಮಾತಿನಲ್ಲಿ ಹೇಳಿದವು. 2006ರಲ್ಲಿ ಮೈಕ್ರೊಸಾಫ್ಟ್ ತಂದ ಡಬ್ಲ್ಯುಪಿಎಫ್‌ನ ‘ಅಬ್ಸರ್ವಬಲ್ ಕಲೆಕ್ಷನ್’ ಐದು ಬಗೆಯ ಸುದ್ದಿ ಕಳುಹಿಸುತ್ತದೆ: ಸೇರಿತು, ಹೋಯಿತು, ಒಂದರ ಬದಲು ಇನ್ನೊಂದು ಬಂತು, ಜಾಗ ಬದಲಿಸಿತು, ಎಲ್ಲವೂ ಬದಲಾಯಿತು. ಕ್ಯೂಟಿ ಎಂಬ ಕಟ್ಟಿನಲ್ಲಿ ಸಾಲು ಸೇರಿಸುವ ಮೊದಲೊಮ್ಮೆ ‘ಸೇರಿಸುತ್ತಿದ್ದೇನೆ’ ಎಂದೂ ಸೇರಿಸಿದ ಮೇಲೊಮ್ಮೆ ‘ಮುಗಿಯಿತು’ ಎಂದೂ ಹೇಳಬೇಕು. ಲಿನಕ್ಸಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಜಿಟಿಕೆಯದು ಎಲ್ಲಕ್ಕಿಂತ ಚುಟುಕು. ಅದಕ್ಕೆ ಒಂದೇ ಸುದ್ದಿ, ಮೂರು ಅಂಕೆ. ಎಲ್ಲಿ, ಅಲ್ಲಿಂದ ಎಷ್ಟು ಹೋಯಿತು, ಅದೇ ಜಾಗಕ್ಕೆ ಎಷ್ಟು ಬಂತು. ಕಲೋತ್ಸವದ ಪಟ್ಟಿಯಲ್ಲಿ ಎರಡನೆಯ ಜಿಲ್ಲೆ ಮೊದಲನೆಯದನ್ನು ಹಿಂದಿಕ್ಕಿತು ಎಂದಿಟ್ಟುಕೊಳ್ಳಿ. ಜಿಟಿಕೆಗೆ ಅದು ‘0, 2, 2’. ತುದಿಯಿಂದ ಎರಡು ಸಾಲು ತೆಗೆ, ಎರಡು ಸಾಲು ಇಡು. ಉಳಿದ 12 ಜಿಲ್ಲೆಗಳ ತಂಟೆಗೆ ಹೋಗಬೇಕಿಲ್ಲ.

ಇಷ್ಟೆಲ್ಲ ನಿಖರತೆ ಯಾಕೆ ಬೇಕು? ಕಾರಣ ಸರಳ. ಪಟ್ಟಿಯಲ್ಲಿ ಸಾಲಿನ ಸಂಖ್ಯೆ ಯಾರ ಸ್ವಂತ ಆಸ್ತಿಯೂ ಅಲ್ಲ. ಮದುವೆಯೂಟದ ಹಂತಿಯಲ್ಲಿ ‘ಐದನೆಯ ಎಲೆಗೆ ಸಕ್ಕರೆ ಇಲ್ಲದ ಪಾಯಸ’ ಎಂದು ಬಡಿಸುವವರಿಗೆ ಹೇಳಿಟ್ಟು, ಅಷ್ಟರಲ್ಲಿ ಹಂತಿಯ ಮೊದಲ ತುದಿಗೆ ಇನ್ನೊಬ್ಬರು ಬಂದು ಕುಳಿತರೆ ಆ ಪಾಯಸ ಬೇರೆ ಯಾರದೋ ಎಲೆಗೆ ಬೀಳುತ್ತದೆ.

ಕಂಪ್ಯೂಟರಿನಲ್ಲಿ ಇದು ಹೇಗೆ ಕಾಣುತ್ತದೆ ನೋಡಿ. ಒಂದು ವೇದಿಕೆಯಲ್ಲಿ ಯಕ್ಷಗಾನ ಸ್ಪರ್ಧೆಯ ತಂಡಗಳ ಪಟ್ಟಿ ತೆರೆದಿದೆ. ಅಂಕ ತುಂಬಿಸಲು ಕುಳಿತವರು ಆರನೆಯ ಸಾಲಿನ ಮೇಲೆ ಕ್ಲಿಕ್ ಮಾಡುತ್ತಾರೆ, ಸಾಲು ನೀಲಿಯಾಗುತ್ತದೆ. ತೀರ್ಪುಗಾರರ ಹಾಳೆಯತ್ತ ತಿರುಗಿ ಅಂಕ ನೋಡುವಷ್ಟರಲ್ಲಿ ಅಪ್ಪೀಲು ಗೆದ್ದ ತಂಡವೊಂದು ಮೂರನೆಯ ಸಾಲಿಗೆ ಸೇರುತ್ತದೆ. ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಇಳಿಯುತ್ತಾರೆ. ಸಾಫ್ಟ್‌ವೇರಿಗೆ ‘ಮೂರರಲ್ಲಿ ಒಂದು ಸಾಲು ಸೇರಿತು’ ಎಂಬ ನಿಖರ ಸುದ್ದಿ ಬಂದಿದ್ದರೆ ನೀಲಿ ಗುರುತೂ ತಂಡದ ಜೊತೆಗೆ ಏಳನೆಯ ಸಾಲಿಗೆ ಇಳಿಯುತ್ತದೆ. ಸುದ್ದಿ ಸರಿಯಾಗಿ ಬಾರದಿದ್ದರೆ ಗುರುತು ಆರರಲ್ಲೇ ನಿಲ್ಲುತ್ತದೆ. ಆರರಲ್ಲಿ ಈಗ ಇರುವುದು ಬೇರೆ ತಂಡ. ಅಂಕ ತುಂಬಿಸಿ ಎಂಟರ್ ಒತ್ತಿದರೆ ಒಬ್ಬರ ಗ್ರೇಡು ಇನ್ನೊಬ್ಬರಿಗೆ ಹೋಯಿತು. ಯಾವ ದೋಷದ ಸೂಚನೆಯೂ ಬರುವುದಿಲ್ಲ, ಯಾವ ಕೆಂಪು ದೀಪವೂ ಹೊತ್ತುವುದಿಲ್ಲ.

ಅಳಿಸುವಾಗಲೂ ಇಂಥದ್ದೇ ಒಂದು ಹಳ್ಳ ಇದೆ. ಸಾಫ್ಟ್‌ವೇರ್ ಕಲಿಯುವವರು ಒಮ್ಮೆಯಾದರೂ ಅದಕ್ಕೆ ಬೀಳುತ್ತಾರೆ. ಐದು ಹೆಸರಿನ ಪಟ್ಟಿಯಲ್ಲಿ ಎರಡನೆಯದೂ ಮೂರನೆಯದೂ ಹೋಗಬೇಕಾಗಿದೆ. ಕಾರ್ಯಕ್ರಮ ಮೇಲಿನಿಂದ ಒಂದೊಂದಾಗಿ ನೋಡುತ್ತ ಬರುತ್ತದೆ. ಎರಡನೆಯದನ್ನು ಅಳಿಸಿದ ಕೂಡಲೇ ಮೂರನೆಯದು ಮೇಲೇರಿ ಎರಡನೆಯ ಜಾಗಕ್ಕೆ ಬರುತ್ತದೆ. ಕಾರ್ಯಕ್ರಮ ಮಾತ್ರ ‘ಎರಡು ಮುಗಿಯಿತು, ಇನ್ನು ಮೂರು’ ಎಂದು ಮುಂದೆ ಹೋಗುತ್ತದೆ. ಮೇಲೇರಿದವರು ಕಣ್ತಪ್ಪಿಸಿಕೊಂಡು ಪಟ್ಟಿಯಲ್ಲೇ ಉಳಿಯುತ್ತಾರೆ. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಬಂದರೆ ಈ ತಾಪತ್ರಯ ಇಲ್ಲ, ಅಳಿಸಿದಾಗ ಜಾಗ ಬದಲಿಸುವವರೆಲ್ಲ ಆಗಲೇ ನೋಡಿ ಆದವರು.

ಇನ್ನು ಆ 2 ಅಂಕದ ಕತೆ, ಬಿ ಗ್ರೇಡು ಎ ಆಗುವುದು. ಇದು ಪಟ್ಟಿಯ ಸುದ್ದಿವ್ಯವಸ್ಥೆಯ ಅತಿ ಜಾಣ ಬಲೆ. ಡಬ್ಲ್ಯುಪಿಎಫ್‌ನ ಪಟ್ಟಿ ತನ್ನೊಳಕ್ಕೆ ಯಾರು ಬಂದರು, ಯಾರು ಹೋದರು ಎಂಬುದನ್ನು ತಪ್ಪದೆ ಹೇಳುತ್ತದೆ. ಒಳಗೆ ಕುಳಿತವರ ಸ್ವಂತ ವಿಷಯದಲ್ಲಿ ಅದು ತಲೆ ಹಾಕುವುದಿಲ್ಲ. ಒಂದು ಜಿಲ್ಲೆಯ ಅಂಕ 949ರಿಂದ 951 ಆದರೆ ಪಟ್ಟಿಯ ಲೆಕ್ಕದಲ್ಲಿ ಯಾರೂ ಬಂದಿಲ್ಲ, ಯಾರೂ ಹೋಗಿಲ್ಲ, ಆದ್ದರಿಂದ ಸುದ್ದಿಯೂ ಇಲ್ಲ. ಆ ಜಿಲ್ಲೆಯ ದಾಖಲೆಯೇ ‘ನನ್ನ ಅಂಕ ಬದಲಾಯಿತು’ ಎಂದು ಬೇರೆಯಾಗಿ ಹೇಳುವಂತೆ ಬರೆದಿರಬೇಕು. ಸ್ವಿಂಗಿನಲ್ಲಿಯೂ ಹಾಗೆಯೇ. ಪಟ್ಟಿಯ ಒಂದು ಸಾಲಿಗೆ ಬೇರೆ ವಸ್ತುವನ್ನೇ ತಂದಿಟ್ಟರೆ ‘ಕಂಟೆಂಟ್ಸ್ ಚೇಂಜ್ಡ್’ ಸುದ್ದಿ ತಾನಾಗಿ ಹೊರಡುತ್ತದೆ. ಅದೇ ವಸ್ತುವಿನ ಹೊಟ್ಟೆಯೊಳಗಿನ ಅಂಕೆಯನ್ನು ತಿದ್ದಿದರೆ ಹೊರಡುವುದಿಲ್ಲ. ಪರದೆ ಹಳೆಯ ಅಂಕವನ್ನೇ ತೋರಿಸುತ್ತ ಕೂರುತ್ತದೆ. ಕಿಟಕಿಯನ್ನು ಮುಚ್ಚಿ ತೆರೆದರೆ, ಕೆಲವೊಮ್ಮೆ ಇನ್ನೊಂದು ಕಿಟಕಿ ಅದರ ಮೇಲೆ ಹಾದು ಹೋದರೂ ಸಾಕು, ಹೊಸ ಅಂಕ ಪ್ರತ್ಯಕ್ಷ. ‘ಒಮ್ಮೆ ಮುಚ್ಚಿ ತೆಗೆಯಿರಿ, ಸರಿಯಾಗುತ್ತದೆ’ ಎಂದು ಕಚೇರಿಗಳಲ್ಲಿ ಒಬ್ಬರಿಗೊಬ್ಬರು ಕೊಡುವ ಸಲಹೆಯ ಹಿಂದೆ ಅನೇಕ ಸಲ ಇರುವುದು ಹೀಗೆ ಹೊರಡದೆ ಉಳಿದ ಒಂದು ಸುದ್ದಿ.

ಇಷ್ಟೆಲ್ಲ ಯಾಕೆ, ಏನಾದರೂ ಆದಾಗ ‘ಎಲ್ಲವೂ ಬದಲಾಯಿತು’ ಎಂದು ಹೇಳಿಬಿಟ್ಟರೆ ಆಗದೆ? ಆಗುತ್ತದೆ. ಎಷ್ಟೋ ಸಾಫ್ಟ್‌ವೇರುಗಳು ಮಾಡುವುದೂ ಅದನ್ನೇ. ಅದರ ಬೆಲೆ ತೆರುವವರು ಮಾತ್ರ ಬಳಕೆದಾರರು. 400ನೆಯ ಸಾಲಿನವರೆಗೆ ಸರಿಸಿಕೊಂಡು ಹೋಗಿ ಓದುತ್ತಿದ್ದವರನ್ನು ಪಟ್ಟಿ ದಿಢೀರೆಂದು ಮೊದಲ ಸಾಲಿಗೆ ತಂದು ನಿಲ್ಲಿಸುತ್ತದೆ. ಗುರುತು ಹಾಕಿದ ಸಾಲುಗಳ ಗುರುತು ಅಳಿಯುತ್ತದೆ. ಅರ್ಧ ಟೈಪ್ ಮಾಡಿದ್ದು ಮಾಯವಾಗುತ್ತದೆ. ಪರದೆ ಒಮ್ಮೆ ಮಿಣುಕುತ್ತದೆ. ಹಳೆಯ ಪಟ್ಟಿ ಸತ್ತು ಹೊಸ ಪಟ್ಟಿ ಹುಟ್ಟಿದೆ ಎಂದುಕೊಳ್ಳುವ ಕಿಟಕಿಗೆ ಹಳೆಯದರ ಯಾವ ನೆನಪನ್ನು ಉಳಿಸಿಕೊಳ್ಳಬೇಕು ಎಂಬುದೇ ತಿಳಿಯುವುದಿಲ್ಲ.

ಹಾಗೆಂದು ಆ ಮಾತಿಗೆ ಸರಿಯಾದ ಜಾಗವೇ ಇಲ್ಲ ಎಂದಲ್ಲ. ಅರ್ಜಿ ತುಂಬಿಸುವ ಪರದೆಯಲ್ಲಿ ಮೊದಲು ತಾಲ್ಲೂಕು, ಆಮೇಲೆ ಗ್ರಾಮ ಆರಿಸಬೇಕಾಗಿರುತ್ತದೆ. ಹಿಂದೆ ಕಾಸರಗೋಡು ಮತ್ತು ಹೊಸದುರ್ಗ ಎಂಬ 2 ತಾಲ್ಲೂಕುಗಳಿದ್ದ ಜಿಲ್ಲೆಯಲ್ಲಿ ಮಂಜೇಶ್ವರ ಹಾಗೂ ವೆಳ್ಳರಿಕುಂಡು ಸೇರಿ ಈಗ 4 ಇವೆ. ಹೊಸದುರ್ಗವನ್ನು ಬಿಟ್ಟು ಮಂಜೇಶ್ವರವನ್ನು ಆರಿಸಿದರೆ ಗ್ರಾಮಗಳ ಪಟ್ಟಿಯಲ್ಲಿ ಹಳೆಯ ಹೆಸರು ಒಂದೂ ಉಳಿಯಬಾರದು. ಇಲ್ಲಿ ‘ಎಲ್ಲವೂ ಬದಲಾಯಿತು’ ಎಂಬುದು ಪೂರ್ತಿ ನಿಜ. ಮೊದಲೇ ಆರಿಸಿದ್ದ ಗ್ರಾಮದ ಹೆಸರನ್ನೂ ಅಳಿಸಬೇಕು. ಅದನ್ನು ಮರೆತ ಪರದೆಗಳಲ್ಲಿ ತಾಲ್ಲೂಕು ಮಂಜೇಶ್ವರ, ಗ್ರಾಮ ಅಜಾನೂರು ಎಂಬಂಥ ವಿಚಿತ್ರ ಜೋಡಿಗಳು ಸಲ್ಲಿಕೆಯಾಗುತ್ತವೆ. ಅಜಾನೂರು ಇರುವುದು ಕಾಞಂಗಾಡಿನ ಮಗ್ಗುಲಲ್ಲಿ.

ಸುದ್ದಿ ನಿಖರವಾಗಿದ್ದರೂ ಅದು ಬರುವ ವೇಗ ಇನ್ನೊಂದು ಸಮಸ್ಯೆ. ಸಾಮಾನ್ಯ ಕಂಪ್ಯೂಟರ್ ಪರದೆ ಸೆಕೆಂಡಿಗೆ 60 ಸಲ ಹೊಸದಾಗಿ ಮೂಡುತ್ತದೆ. ಒಂದು ಸಲಕ್ಕೆ ಸಿಗುವ ಸಮಯ ಸುಮಾರು 16 ಮಿಲಿಸೆಕೆಂಡ್. ಸಾವಿರ ಹೆಸರನ್ನು ಒಂದೊಂದಾಗಿ ಪಟ್ಟಿಗೆ ಸೇರಿಸಿ ಒಂದೊಂದಕ್ಕೂ ಬೇರೆ ಬೇರೆ ಸುದ್ದಿ ಕಳುಹಿಸಿದರೆ ಕಿಟಕಿ ಸಾವಿರ ಸಲ ತನ್ನ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಪರದೆ ಗರಬಡಿದಂತೆ ನಿಲ್ಲುವುದು ಆಗಲೇ. ಅದೇ ಸಾವಿರವನ್ನು ಒಟ್ಟಿಗೆ ಸೇರಿಸಿ ‘0ಯಿಂದ 999ರವರೆಗೆ ಸೇರಿತು’ ಎಂದು ಒಂದೇ ಸಲ ಹೇಳಿದರೆ ಕೆಲಸ ಹಗುರ. ಜೊತೆಗೆ ಇಂದಿನ ಪಟ್ಟಿಗಳು ಕಣ್ಣಿಗೆ ಕಾಣುವ ಸಾಲುಗಳನ್ನು ಮಾತ್ರ ಬರೆಯುತ್ತವೆ. ಹತ್ತು ಸಾವಿರ ಸ್ಪರ್ಧಿಗಳ ಪಟ್ಟಿಯಾದರೂ ಕಿಟಕಿಯಲ್ಲಿ 30 ಸಾಲು ಹಿಡಿಯುವುದಾದರೆ ಚಿತ್ರವಾಗುವುದು ಆ 30 ಮತ್ತು ಅಕ್ಕಪಕ್ಕದ ನಾಲ್ಕಾರು. ಮೇಲೆ ಸರಿಸಿದಾಗ ಮರೆಯಾದ ಸಾಲಿನ ಜಾಗವನ್ನೇ ತಿರುಗಿ ಬಳಸಿ ಅದರಲ್ಲಿ ಹೊಸ ಹೆಸರು ತುಂಬಿಸುತ್ತವೆ.

ಸುದ್ದಿ ಯಾವ ದಾರಿಯಿಂದ ಬಂತು ಎಂಬುದೂ ಮುಖ್ಯ. 28 ವೇದಿಕೆಗಳಿಂದ ಇಂಟರ್‌ನೆಟ್ ಮೂಲಕ ಫಲಿತಾಂಶ ತರಿಸಿಕೊಳ್ಳುವ ಕೆಲಸವನ್ನು ಕಾರ್ಯಕ್ರಮಗಳು ಹಿನ್ನೆಲೆಯಲ್ಲಿ ಮಾಡುತ್ತವೆ, ಇಲ್ಲವಾದರೆ ಉತ್ತರ ಬರುವವರೆಗೆ ಗುಂಡಿ ಒತ್ತಿದರೂ ಪರದೆ ಅಲುಗದು. ಹಿನ್ನೆಲೆಯ ಕೆಲಸಗಾರ ನೇರವಾಗಿ ಪರದೆಯ ಪಟ್ಟಿಗೆ ಕೈ ಹಾಕುವಂತಿಲ್ಲ. ಪರದೆಗೆ ಬರೆಯುವ ಅಧಿಕಾರ ಕಾರ್ಯಕ್ರಮದ ಒಂದೇ ಕೆಲಸದ ಎಳೆಗೆ ಇರುತ್ತದೆ, ಸ್ವಿಂಗಿನಲ್ಲಿ ಅದನ್ನು ‘ಈವೆಂಟ್ ಡಿಸ್‌ಪ್ಯಾಚ್ ಥ್ರೆಡ್’ ಎನ್ನುತ್ತಾರೆ. ತಂದ ಫಲಿತಾಂಶವನ್ನು ‘ಇನ್ವೋಕ್ ಲೇಟರ್’ ಎಂಬ ಆಜ್ಞೆಯ ಮೂಲಕ ಅದರ ಸರದಿಗೆ ಒಪ್ಪಿಸಬೇಕು. ಡಬ್ಲ್ಯುಪಿಎಫ್‌ನಲ್ಲಿ ಈ ನಿಯಮ ಮುರಿದು, ಪರದೆಗೆ ಜೋಡಿಸಿದ ಪಟ್ಟಿಯನ್ನು ಹಿನ್ನೆಲೆಯಿಂದ ಹಾಗೆಯೇ ತಿದ್ದಲು ಹೋದರೆ ಕಾರ್ಯಕ್ರಮ ದೋಷ ತೋರಿಸಿ ನಿಲ್ಲುತ್ತದೆ. ಸ್ವಿಂಗ್ ಅಷ್ಟು ಕಟ್ಟುನಿಟ್ಟಲ್ಲ. ಒಮ್ಮೊಮ್ಮೆ ನಡೆದುಬಿಡುತ್ತದೆ, ಒಮ್ಮೊಮ್ಮೆ ಪಟ್ಟಿಯಲ್ಲಿ ಖಾಲಿ ಸಾಲು ಮೂಡುತ್ತದೆ. ಹುಡುಕಿ ತೆಗೆಯಲು ಕಷ್ಟವಾದ ದೋಷ ಎಂದರೆ ಈ ಎರಡನೆಯ ಬಗೆಯದೇ.

ಕೇಳಿಸಿಕೊಳ್ಳುವವರ ಕಡೆಯಿಂದಲೂ ತಪ್ಪಾಗುವುದುಂಟು. ಕಿಟಕಿ ಮುಚ್ಚಿದ ಮೇಲೂ ಪಟ್ಟಿಯ ಬಳಿ ಅದರ ಹೆಸರು ಉಳಿದಿದ್ದರೆ ಸುದ್ದಿ ಹೋಗುತ್ತಲೇ ಇರುತ್ತದೆ. ಆ ಕಿಟಕಿಯ ನೆನಪಿನ ಜಾಗ ಬಿಡುಗಡೆಯಾಗುವುದಿಲ್ಲ. ಬೆಳಿಗ್ಗೆ ಚುರುಕಾಗಿದ್ದ ಕಾರ್ಯಕ್ರಮ ಸಂಜೆಯ ಹೊತ್ತಿಗೆ ತೆವಳುವುದಕ್ಕೆ ಇದೂ ಒಂದು ಕಾರಣ. ಸುದ್ದಿ ಕೇಳಿದವರು ಅದಕ್ಕೆ ಪ್ರತಿಕ್ರಿಯೆಯಾಗಿ ಪಟ್ಟಿಯನ್ನೇ ತಿದ್ದಿದರೆ ಇನ್ನೊಂದು ಸುದ್ದಿ ಹುಟ್ಟುತ್ತದೆ, ಅದಕ್ಕೆ ಇನ್ನೊಂದು ತಿದ್ದುಪಡಿ. ಈ ಸುತ್ತು ಕಾರ್ಯಕ್ರಮ ಕುಸಿದು ಬೀಳುವವರೆಗೂ ನಿಲ್ಲುವುದಿಲ್ಲ.

ಹೊಸ ಹೆಸರು ಎಲ್ಲಿ ಸೇರಿತು ಎಂದು ಹೇಳಬೇಕಾದರೆ ಎಲ್ಲಿ ಸೇರಬೇಕು ಎಂಬುದು ಮೊದಲು ಗೊತ್ತಿರಬೇಕು. ಅಂಕದ ಪಟ್ಟಿಯಲ್ಲಿ ಇದು ಸುಲಭ. ಅಕಾರಾದಿ ಪಟ್ಟಿಯಲ್ಲಿ, ಅದೂ ಕನ್ನಡದಲ್ಲಿ, ಸ್ವಲ್ಪ ಜಾಗ್ರತೆ ಬೇಕು. ಕನ್ನಡ ವರ್ಣಮಾಲೆಯಲ್ಲಿ ಯ, ರ, ಲ, ವ, ಶ, ಷ, ಸ, ಹ ಆದ ಮೇಲೆ ಕೊನೆಗೆ ಬರುವುದು ಳ. ಯೂನಿಕೋಡಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವಾಗ ಳ ಅಕ್ಷರವನ್ನು ಲ ಆದ ಕೂಡಲೇ, ವ ಬರುವ ಮೊದಲೇ ಇಟ್ಟಿದ್ದಾರೆ. ಕಾರ್ಯಕ್ರಮ ಬರೀ ಆ ಸಂಖ್ಯೆ ನೋಡಿ ಜೋಡಿಸಿದರೆ ಕಾಸರಗೋಡಿನ ಊರುಗಳ ಪಟ್ಟಿಯಲ್ಲಿ ಬೇಕಲ, ಬೇಳ, ಬೇವಿಂಜ ಎಂಬ ಕ್ರಮ ಬರುತ್ತದೆ. ವರ್ಣಮಾಲೆಯಂತೆ ಬೇವಿಂಜ ಮೊದಲು, ಬೇಳ ಆಮೇಲೆ. ಭಾಷೆಯ ಕ್ರಮ ತಿಳಿದ ವಿಂಗಡಣೆಯ ಸಲಕರಣೆಗಳು ಬೇರೆಯೇ ಇವೆ, ಅವನ್ನು ಕೇಳಿ ಬಳಸಬೇಕು. ಮಾಹಿತಿಯ ಕಡೆಯವರು ಒಂದು ಕ್ರಮದಲ್ಲೂ ಕಿಟಕಿಯ ಕಡೆಯವರು ಇನ್ನೊಂದು ಕ್ರಮದಲ್ಲೂ ಎಣಿಸಿದರೆ ‘ಎಂಟನೆಯ ಸಾಲು ಹೋಯಿತು’ ಎಂಬ ಸುದ್ದಿಗೆ ಪರದೆಯಲ್ಲಿ ಅಳಿಯುವುದು ಬೇರೆ ಊರಿನ ಹೆಸರು. ಅದಕ್ಕಾಗಿ ವಿಂಗಡಿಸಿ ತೋರಿಸುವ ಪಟ್ಟಿಗಳ ನಡುವೆ ಒಬ್ಬ ದುಭಾಷಿ ಇರುತ್ತಾನೆ. ‘ಮೂಲದ ಎಂಟು ಎಂದರೆ ಇಲ್ಲಿನ ಹನ್ನೊಂದು’ ಎಂದು ಸಂಖ್ಯೆಯನ್ನು ಅತ್ತಿಂದಿತ್ತ ಬದಲಿಸಿ ಹೇಳುವುದಷ್ಟೇ ಅವನ ಉದ್ಯೋಗ.

ಕಣ್ಣಿನಿಂದ ನೋಡುವವರಿಗೆ ಪಟ್ಟಿ ಅಲುಗಿದ್ದು ಹೇಗಾದರೂ ತಿಳಿಯುತ್ತದೆ. ಕಿವಿಯಿಂದ ಕಂಪ್ಯೂಟರ್ ಬಳಸುವವರ ಮಾತು ಬೇರೆ. ಲಿನಕ್ಸಿನ ಓರ್ಕಾದಂಥ ಪರದೆ ಓದುವ ಸಾಫ್ಟ್‌ವೇರ್ ತನಗೆ ಬಂದ ಸುದ್ದಿಯನ್ನು ಮಾತ್ರ ಓದಬಲ್ಲದು. ಪಟ್ಟಿಗೆ ಸಾಲು ಸೇರಿದಾಗ ಅಥವಾ ಬಿಟ್ಟಾಗ ಕಿಟಕಿ ‘ಚಿಲ್ಡ್ರನ್ ಚೇಂಜ್ಡ್’ ಎಂಬ ಇನ್ನೊಂದು ಸೂಚನೆಯನ್ನು ಅದಕ್ಕೆ ದಾಟಿಸುತ್ತದೆ. ಕಿಟಕಿಗೇ ‘ಎಲ್ಲವೂ ಬದಲಾಯಿತು’ ಎಂಬ ಒರಟು ಸುದ್ದಿ ಬಂದಿದ್ದರೆ ಓರ್ಕಾಕ್ಕೂ ಅದೇ ತಲುಪುತ್ತದೆ. ಏಳನೆಯ ಸಾಲನ್ನು ಕೇಳುತ್ತಿದ್ದವರು ಯಾವ ಮುನ್ಸೂಚನೆಯೂ ಇಲ್ಲದೆ ಪಟ್ಟಿಯ ಆರಂಭಕ್ಕೆ ಬಂದು ಬೀಳುತ್ತಾರೆ. ಕಣ್ಣಿದ್ದವರಿಗೆ ಒಂದು ಮಿಣುಕು, ಇವರಿಗೆ ದಾರಿಯೇ ತಪ್ಪಿದಂತೆ.

ಕಾಸರಗೋಡಿನ ಮಕ್ಕಳಿಗೆ ಇವೆಲ್ಲ ತೀರ ದೂರದ ವಿಷಯಗಳಲ್ಲ. 2001ರಲ್ಲಿ ಐಟಿ@ಸ್ಕೂಲ್ ಎಂದು ಆರಂಭವಾಗಿ 2017ರಲ್ಲಿ ಕೈಟ್ ಆದ ಯೋಜನೆಯ ಫಲವಾಗಿ ಕೇರಳದ ಶಾಲೆಗಳಲ್ಲಿ ಉಬುಂಟು ಆಧಾರಿತ ಲಿನಕ್ಸ್ ಬಳಕೆಯಲ್ಲಿದೆ. ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ (ಐಸಿಟಿ) ಪಠ್ಯಪುಸ್ತಕ ಕನ್ನಡ ಮಾಧ್ಯಮದವರಿಗೆ ಕನ್ನಡದಲ್ಲಿಯೇ ಸಿಗುತ್ತದೆ, ಪ್ರೌಢಶಾಲೆಯ ತರಗತಿಗಳಲ್ಲಿ ಪೈಥಾನ್ ಪಾಠವೂ ಇದೆ. ಪೈಥಾನಿನ ಜೊತೆಗೇ ಬರುವ ಟಿಕೆ-ಇಂಟರ್ ಎಂಬ ಸಲಕರಣೆಯಿಂದ ಲಿಸ್ಟ್‌ಬಾಕ್ಸ್ ಒಂದನ್ನು ಕಟ್ಟಿ, ಅದರಲ್ಲಿ ತೋರಿಸಿದ ಹೆಸರುಗಳ ಪಟ್ಟಿಗೆ ‘ಅಪೆಂಡ್’ ಆಜ್ಞೆಯಿಂದ ಇನ್ನೊಂದು ಹೆಸರು ಸೇರಿಸಿ ನೋಡಿದರೆ ಸಮಸ್ಯೆ ಕಣ್ಣೆದುರಿಗೇ ಬರುತ್ತದೆ. ಪೈಥಾನಿನ ಪಟ್ಟಿಯಲ್ಲಿ ಹೆಸರು ಇದೆ, ಲಿಸ್ಟ್‌ಬಾಕ್ಸಿನಲ್ಲಿ ಇಲ್ಲ. ಪೈಥಾನಿನ ಸಾಮಾನ್ಯ ಪಟ್ಟಿಗೆ ಸುದ್ದಿ ಕಳುಹಿಸುವ ಅಭ್ಯಾಸವೇ ಇಲ್ಲ. ‘ಇನ್ಸರ್ಟ್’ ಆಜ್ಞೆಯಿಂದ ಲಿಸ್ಟ್‌ಬಾಕ್ಸಿಗೂ ಅದೇ ಹೆಸರನ್ನು ಬೇರೆಯಾಗಿ ಹೇಳಬೇಕು.

2018ರಲ್ಲಿ ಶುರುವಾದ ‘ಲಿಟ್ಲ್ ಕೈಟ್ಸ್’ ಕೂಟಗಳ ಮಕ್ಕಳು ಮೊಬೈಲ್ ಆ್ಯಪ್ ಕಟ್ಟುವುದನ್ನೂ ಕಲಿಯುತ್ತಾರೆ. ಇದಕ್ಕೆ ಬಳಸುವ ಆ್ಯಪ್ ಇನ್ವೆಂಟರಿನಲ್ಲಿ ಆಜ್ಞೆಗಳನ್ನು ಟೈಪ್ ಮಾಡುವ ಬದಲು ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸುತ್ತಾರೆ. ಪಟ್ಟಿ ತೋರಿಸಲು ಅದರಲ್ಲಿ ‘ಲಿಸ್ಟ್‌ವ್ಯೂ’ ಇದೆ. ಪಟ್ಟಿಗೆ ಹೊಸ ಹೆಸರು ಸೇರಿಸುವ ತುಂಡನ್ನು ಸಿಕ್ಕಿಸಿದ ಮೇಲೆ ಅದರ ಕೆಳಗೆ ಲಿಸ್ಟ್‌ವ್ಯೂವಿನ ‘ಎಲಿಮೆಂಟ್ಸ್’ ತುಂಡನ್ನೂ ಇಟ್ಟು, ಪಟ್ಟಿಯನ್ನು ಅದಕ್ಕೆ ಮತ್ತೊಮ್ಮೆ ಜೋಡಿಸಬೇಕು. ಆ ಒಂದು ತುಂಡು ಬಿಟ್ಟುಹೋದರೆ ಗುಂಡಿ ಎಷ್ಟು ಸಲ ಒತ್ತಿದರೂ ಫೋನಿನ ಪರದೆಯಲ್ಲಿ ಏನೂ ಆಗದು. ಒಳಗಿನ ಪಟ್ಟಿ ಮಾತ್ರ ಒತ್ತಿದಷ್ಟು ಸಲವೂ ಬೆಳೆದಿರುತ್ತದೆ. ಆಮೇಲೆ ತಪ್ಪು ಕಂಡುಹಿಡಿದು ‘ಎಲಿಮೆಂಟ್ಸ್’ ಸಿಕ್ಕಿಸಿದವರ ಆ್ಯಪಿನಲ್ಲಿ ಗುಂಡಿ ಒಮ್ಮೆ ಒತ್ತಿದರೆ ಪಟ್ಟಿ ಪೂರ್ತಿಯಾಗಿ ಹೊಸದಾಗಿ ಬರುತ್ತದೆ, ಅಂದರೆ ‘ಎಲ್ಲವೂ ಬದಲಾಯಿತು’ ಎಂಬ ಬಗೆಯದು. ಹತ್ತಿಪ್ಪತ್ತು ಹೆಸರಿನ ಆ್ಯಪಿಗೆ ಅಷ್ಟು ಸಾಕು. ಇದೇ ಮಕ್ಕಳು ಮುಂದೆ ಜಾವಾ ಕಲಿಯಲು ಕುಳಿತಾಗ ಎರಡು ಅಂಕೆ ಕೇಳುವ ಸ್ವಿಂಗಿನ ಪಟ್ಟಿ ಎದುರಾಗುತ್ತದೆ. ಎಲ್ಲಿಂದ, ಎಲ್ಲಿಯವರೆಗೆ ಎಂದು ಲೆಕ್ಕ ಹಾಕಿ ಹೇಳುವುದನ್ನು ಅಲ್ಲಿ ಕಲಿಯಬೇಕಾಗುತ್ತದೆ.